ಕೊಳವೆಯೊಳಗಿನ ಕತ್ತಲು

ನಮ್ಮ ಬೆಳಗೋಡಿನ ಕಡೆ ನಕ್ಷತ್ರಗಳನ್ನು ಎಲ್ಲರೂ ಬಲ್ಲರು, ಮಳೆಯ ಲೆಕ್ಕದಲ್ಲಿ. ಮೃಗಶಿರಾ ಹಿಡಿಯಿತೇ, ಆರಿದ್ರಾ ಹೊಡೆಯಿತೇ, ಪುನರ್ವಸು ಕೈಕೊಟ್ಟಿತೇ ಎಂದು ವಿಚಾರಿಸಿಕೊಳ್ಳುವ ಜನ ನಾವು. ಆರಿದ್ರಾ ಮಳೆ ಸುರಿಯುವ ಜೂನ್ ಕೊನೆಯಲ್ಲಿ ಸೂರ್ಯನೂ ಅದೇ ದಿಕ್ಕಿನಲ್ಲಿ ಇರುತ್ತಾನೆ. ಮೋಡ ಪೂರ್ತಿ ಸರಿದರೂ ಆ ನಕ್ಷತ್ರ ಆಗ ಕಾಣುವುದಿಲ್ಲ. ಅದನ್ನು ಕಣ್ಣಾರೆ ನೋಡಬೇಕಾದರೆ ಕಾಫಿ ಹಣ್ಣಾಗುವ ತನಕ ಕಾಯಬೇಕು. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರವಿ, ಸಂಜೆ ರಾಶಿ ಮಾಡಿ, ಇಬ್ಬನಿಗೆ ಟಾರ್ಪಾಲು ಮುಚ್ಚಿ ಕಾವಲು ಕೂತು ಪೂರ್ವಕ್ಕೆ ಮುಖ ಮಾಡಿದರೆ ಸಿಲ್ವರ್ ಓಕ್ ಮರಗಳ ತಲೆಯ ಮೇಲೆ ಮಹಾವ್ಯಾಧ ಅಡ್ಡಡ್ಡಲಾಗಿ ಎದ್ದು ಬರುತ್ತಾನೆ. ಅವನ ಭುಜದಲ್ಲಿ ಕೆಂಪಗಿರುವುದೇ ಆರಿದ್ರಾ.

ಹೀಗೆ ಕಣ ಕಾಯುತ್ತಲೇ ನನಗೆ ಆಕಾಶದ ಹುಚ್ಚು ಹಿಡಿಯಿತು. ಕೈಗೆ ಸಿಕ್ಕಿದ್ದು ಜಿ.ಟಿ. ನಾರಾಯಣ ರಾಯರ ಪುಸ್ತಕಗಳು. ಮಡಿಕೇರಿಯಲ್ಲಿ ಹುಟ್ಟಿದವರು, ಗಣಿತದ ಮೇಷ್ಟ್ರು. ಆಕಾಶವನ್ನು ಕನ್ನಡದಲ್ಲಿ ಓದಲು ಕಲಿಸಿದವರು. 1986ರ ಮಾರ್ಚಿನ ನಸುಕಿನಲ್ಲಿ ಆಗ್ನೇಯದ ಗುಡ್ಡಗಳ ಮೇಲೆ ಹ್ಯಾಲಿ ಧೂಮಕೇತುವನ್ನು ಹುಡುಕಿ ಗುರುತು ಹಿಡಿದದ್ದು ಅವರ ಬರಹಗಳ ಬಲದಿಂದಲೇ. ಬರಿಗಣ್ಣಿಗೆ ಅದು ಮಸುಕು ಮಸುಕಾಗಿತ್ತು. ದೂರದರ್ಶಕ ಇದ್ದಿದ್ದರೆ ಎಂದು ಆಗ ಮನಸ್ಸಿಗೆ ಬಂದದ್ದು ಕೈಗೂಡಲು ಸುಮಾರು ಹತ್ತು ವರ್ಷ ಬೇಕಾಯಿತು.

ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ 1976ರಿಂದಲೇ ಇತ್ತು. ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ತೆರೆಯಿತು. ಆ ಬಳಗದಲ್ಲಿ ಓಡಾಡುತ್ತಿದ್ದ ಗೆಳೆಯನೊಬ್ಬ ನನಗೆ ಕನ್ನಡಿ ಉಜ್ಜುವುದನ್ನು ಹೇಳಿಕೊಟ್ಟ. ಆರು ಅಂಗುಲದ ಎರಡು ದಪ್ಪ ಗಾಜಿನ ಬಿಲ್ಲೆಗಳು, ನಡುವೆ ಕಾರ್ಬೊರಂಡಂ ಪುಡಿ ಮತ್ತು ನೀರು. 80ನೇ ನಂಬರಿನ ಒರಟು ಪುಡಿಯಿಂದ ಶುರುಮಾಡಿ 600ರ ನಯಕ್ಕೆ ಬರುವ ಹೊತ್ತಿಗೆ ಮೇಲಿನ ಗಾಜು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆ ತಗ್ಗು ನಡುವಿನಲ್ಲಿ ಸುಮಾರು 1.2 ಮಿಲಿಮೀಟರ್, ಅಷ್ಟೇ. ಆಮೇಲೆ ಪಿಚ್ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಹಾಕಿ ಹೊಳಪು ಬರಿಸುವುದು, ಬ್ಲೇಡಿನ ಅಂಚು ಹಿಡಿದು ಫುಕೋ ಪರೀಕ್ಷೆಯಲ್ಲಿ ಮೈಯ ಏರುಪೇರು ನೋಡುವುದು. ಕೊನೆಗೆ ಬೆಂಗಳೂರಿಗೆ ಒಯ್ದು ಅಲ್ಯುಮಿನಿಯಂ ಲೇಪ ಹಾಕಿಸಿಕೊಂಡು ಬಂದೆ. ಕನ್ನಡಿಯ ನಾಭಿದೂರ 1,220 ಮಿಲಿಮೀಟರ್. ಕೊಳವೆಗೆ ಎಂಟು ಅಂಗುಲದ ಪಿವಿಸಿ ಪೈಪು, ನಿಲ್ಲಿಸಲು ಸ್ಯಾನ್‌ಫ್ರಾನ್ಸಿಸ್ಕೊದ ಜಾನ್ ಡಾಬ್ಸನ್ ಬೀದಿಬದಿಯ ಜನರಿಗೆ ಆಕಾಶ ತೋರಿಸಲು ರೂಢಿಗೆ ತಂದ ಮಾದರಿಯ ಪ್ಲೈವುಡ್ ಪೆಟ್ಟಿಗೆ. ಪೈಪಿನ ಒಳಮೈಗೆ ಒಂದು ಕೈ ಕಪ್ಪು ಬಣ್ಣ.

ಕನ್ನಡಿ ಉಜ್ಜುವ ಬಗ್ಗೆ ಬರೆದವರು ಬಹಳ ಮಂದಿ. ಕೊಳವೆಯ ಒಳಮೈ ಬಗ್ಗೆ ಹೆಚ್ಚಿನವರು ಒಂದೇ ವಾಕ್ಯ ಬರೆಯುತ್ತಾರೆ: ಕಪ್ಪು ಬಳಿಯಿರಿ. ದೂರದರ್ಶಕ ಬೆಳಕನ್ನು ಕೂಡಿಹಾಕುವ ಯಂತ್ರ ಎಂದು ನಾವೆಲ್ಲ ಕಲಿತಿದ್ದೇವೆ. ಅದು ಅರ್ಧ ಮಾತು. ಕೂಡಿಹಾಕಿದ ಬೆಳಕು ಎದ್ದು ಕಾಣಬೇಕಾದರೆ ಅದರ ಸುತ್ತ ಕತ್ತಲು ಬೇಕು. ಆ ಕತ್ತಲನ್ನೂ ಕನ್ನಡಿಯಷ್ಟೇ ಜತನದಿಂದ ಕೈಯಾರೆ ಮಾಡಿಕೊಳ್ಳಬೇಕು. ಇದು ನನಗೆ ಮನದಟ್ಟಾದದ್ದು ನಮ್ಮೂರಿನ ರಾತ್ರಿಗಳು ಬದಲಾದ ಮೇಲೆ.

ಮೊದಲೆಲ್ಲ ಇಲ್ಲಿ ಅಮಾವಾಸ್ಯೆಯ ಕತ್ತಲು ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ನಕ್ಷತ್ರವಿಲ್ಲದ ಕಡೆ ಮರವಿದೆ ಎಂದು ತಿಳಿದುಕೊಂಡು ನಡೆಯುತ್ತಿದ್ದೆವು. ಅಂಥ ಆಕಾಶದ ಕೆಳಗೆ ದೂರದರ್ಶಕದ ಒಳಮೈ ಹೇಗಿದ್ದರೂ ನಡೆದುಹೋಗುತ್ತದೆ, ಹೊರಗಿನಿಂದ ಒಳಗೆ ಬರಲು ಬೆಳಕೇ ಇರುವುದಿಲ್ಲ. ಆಮೇಲೆ ಆನೆಗಳ ಕಾಟ ಹೆಚ್ಚಿತು. ಆಲೂರು ಸಕಲೇಶಪುರ ಭಾಗದ ಕಾಡಾನೆಗಳ ಸಂಗತಿ ಹೈಕೋರ್ಟಿನ ತನಕ ಹೋಯಿತು. ಕೋರ್ಟಿನ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು ಕಡೆಯಿಂದ ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಮರಳಿ ಬರುವ ಖಾತರಿ ಇಲ್ಲದ ಊರಿನಲ್ಲಿ ಜನ ಏನು ಮಾಡುತ್ತಾರೆ? ಮನೆಯ ಮೂಲೆಗೊಂದು ದೀಪ ಹಾಕಿದರು. ತೋಟದ ಕೆಲಸಗಾರರ ಲೈನ್ ಮನೆಗಳ ಎದುರು, ಗೋದಾಮಿನ ಮಾಡಿಗೆ, ಗೇಟಿನ ಕಂಬಕ್ಕೆ. ಮೊದಲು ಟ್ಯೂಬ್‌ಲೈಟು, ಆಮೇಲೆ ಸಿಎಫ್‌ಎಲ್, ಈಗ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ರಾತ್ರಿಯಿಡೀ ಉರಿಯುತ್ತವೆ. ಆ ದೀಪಗಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅವು ಜೀವಭಯದಿಂದ ಹಚ್ಚಿದ ದೀಪಗಳು. ನಾನೂ ಈಗ ಕಣ ಬಿಟ್ಟು ಗದ್ದೆಯ ಬಯಲಿಗೆ ದೂರದರ್ಶಕ ಒಯ್ಯುವುದಿಲ್ಲ. ಮನೆಯ ಗೋಡೆಗೆ ಬೆನ್ನು ಕೊಟ್ಟೇ ಆಕಾಶ ನೋಡುವುದು.

ದೀಪ ಬಂದ ಮೇಲೆ ನನ್ನ ದೂರದರ್ಶಕದಲ್ಲಿ ಕಪ್ಪು ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ತಲೆಯ ಮೇಲಿನ ಆಕಾಶ ಬರಿಗಣ್ಣಿಗೆ ಇನ್ನೂ ಚೆನ್ನಾಗಿಯೇ ಇತ್ತು. ಐಪೀಸಿನಲ್ಲಿ ಮಾತ್ರ ಒಂದು ತೆಳ್ಳನೆಯ ಹಾಲು ಬಣ್ಣ. ಕೊಳವೆಯನ್ನು ಪಕ್ಕದ ಮನೆಯ ದೀಪದ ಕಡೆಗೆ ಸ್ವಲ್ಪ ತಿರುಗಿಸಿದರೆ ಅದು ಹೆಚ್ಚುತ್ತಿತ್ತು, ಆಚೆ ತಿರುಗಿಸಿದರೆ ಕಡಿಮೆಯಾಗುತ್ತಿತ್ತು. ಹಾಗಾದರೆ ಅದು ಆಕಾಶದ್ದಲ್ಲ, ಕೊಳವೆಯದ್ದು. ಚಂದ್ರನಿರುವ ರಾತ್ರಿ ಇನ್ನೂ ಸ್ಪಷ್ಟ: ಚಂದ್ರ ದೃಷ್ಟಿಕ್ಷೇತ್ರದ ಅಂಚಿನಿಂದ ಚೂರು ಹೊರಗಿದ್ದಾಗ ಕತ್ತಲೆಯಲ್ಲಿ ಬಿಲ್ಲಿನಾಕಾರದ ಬಿಳಿ ಪಟ್ಟಿಯೊಂದು ಮೂಡಿ, ಚಂದ್ರ ಸರಿದಂತೆ ತಾನೂ ಸರಿಯುತ್ತಿತ್ತು. ಬರಬೇಕಾದ ದಾರಿ ಬಿಟ್ಟು ಐಪೀಸಿಗೆ ಬರುವ ಇಂಥ ಬೆಳಕಿಗೆ ಹವ್ಯಾಸಿಗಳು ಸ್ಟ್ರೇ ಲೈಟ್ ಎನ್ನುತ್ತಾರೆ. ನಾನು ಅಡ್ಡಬೆಳಕು ಎನ್ನುತ್ತೇನೆ.

ಅದರ ಮೂಲ ಹುಡುಕುವುದು ಹಗಲಿನ ಕೆಲಸ. ಸೂರ್ಯ ಇಲ್ಲದ ದಿಕ್ಕಿನ ಬೆಳ್ಳನೆಯ ಆಕಾಶಕ್ಕೆ ಕೊಳವೆ ತಿರುಗಿಸಿ, ಐಪೀಸು ತೆಗೆದು, ಅದು ಕೂರುವ ಫೋಕಸರ್‌ನ ಬರಿ ತೂತಿಗೆ ಕಣ್ಣಿಡಬೇಕು. ನಡುವೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಓರೆಗನ್ನಡಿ, ಅದರೊಳಗೆ ದೊಡ್ಡ ಕನ್ನಡಿ, ಅದರಲ್ಲಿ ಆಕಾಶ ತುಂಬಿ ಬೆಳಗುತ್ತಿರುತ್ತದೆ. ಅದು ಬರಬೇಕಾದ ಬೆಳಕು. ಈಗ ಅದನ್ನು ಬಿಟ್ಟು ಉಳಿದದ್ದನ್ನು ನೋಡಬೇಕು. ಕಣ್ಣನ್ನು ತೂತಿನ ನಡುವಿನಿಂದ ಅಂಚಿಗೆ ನಿಧಾನವಾಗಿ ಸರಿಸುತ್ತ ಹೋದರೆ ಕಾಣುವ ಪ್ರತಿಯೊಂದು ಹೊಳಪೂ ಅಡ್ಡಬೆಳಕಿನ ಒಂದೊಂದು ದಾರಿ.

ನನಗೆ ಕಂಡದ್ದು ಇಷ್ಟು. ಓರೆಗನ್ನಡಿಯ ಆಚೆಗೆ, ಫೋಕಸರ್‌ನ ಎದುರುಗೋಡೆ ನೇರವಾಗಿ ಕಾಣುತ್ತಿತ್ತು. ಕೊಳವೆಯ ಬಾಯಿಯಿಂದ ಬಂದ ಬೆಳಕು ಬಿದ್ದು ಬೂದಿಯಾಗಿ ಹೊಳೆಯುತ್ತಿತ್ತು. ಓರೆಗನ್ನಡಿಯ ಅಂಚಿನಲ್ಲಿ ಬಣ್ಣವಿಲ್ಲದ ಗಾಜು, ಅಲ್ಲೊಂದು ಬಿಳಿ ಗೆರೆ. ದೊಡ್ಡ ಕನ್ನಡಿಯ ಸುತ್ತ, ಕೊಳವೆಯ ಕೆಳಬಾಯಿಯ ಸಂದಿಯಲ್ಲಿ, ಕಣದ ಸಿಮೆಂಟ್ ನೆಲವೇ ಕಾಣುತ್ತಿತ್ತು. ಫೋಕಸರ್‌ನ ಒಳಕೊಳವೆ ಕ್ರೋಮಿಯಂ ಹೊಳಪಿನದು, ಅದರ ಒಳಸುತ್ತು ಇಡೀ ಫಳಫಳ. ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡಿಗೆ ಹತ್ತಿರದ ಕೊಳವೆಯ ಮೈ, ನಾನೇ ಕಪ್ಪು ಬಳಿದಿದ್ದ ಮೈ, ಬೆಳ್ಳಗೆ ಬೆಳಗುತ್ತಿತ್ತು.

ಕಪ್ಪು ಬಣ್ಣ ಬಿಳಿಯಾಗಿ ಕಾಣುವುದು ಹೇಗೆ? ಶಿರಾಡಿ ಘಾಟಿಯಲ್ಲಿ ಇಳಿಹೊತ್ತಿಗೆ ಪಡುವಣಕ್ಕೆ ಗಾಡಿ ಓಡಿಸಿದವರಿಗೆ ಇದು ಗೊತ್ತು. ಮಧ್ಯಾಹ್ನ ಕರ್ರಗಿದ್ದ ಡಾಂಬರು ರಸ್ತೆ ಎದುರು ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆದು ಕಣ್ಣು ಕತ್ತಲೆ ಬರಿಸುತ್ತದೆ. ಬೆಳಕು ಮೈಗೆ ನೆಟ್ಟಗೆ ಬಿದ್ದರೆ ಒಂದು ಕಥೆ, ಮೈಯನ್ನು ಸವರಿಕೊಂಡು ಹೋದರೆ ಇನ್ನೊಂದು. ನುಣುಪಾದ ಪ್ಲಾಸ್ಟಿಕ್ ಇಲ್ಲವೇ ಬಣ್ಣದ ಮೈಗೆ ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಪ್ರತಿಫಲಿಸುತ್ತದೆ; ಮೈಗೆ 10 ಡಿಗ್ರಿ ಓರೆಯಲ್ಲಿ ಬಿದ್ದರೆ ನಲವತ್ತರ ಹತ್ತಿರ; 5 ಡಿಗ್ರಿಗೆ ಇಳಿದರೆ ಅರವತ್ತು ದಾಟುತ್ತದೆ. ಉದ್ದನೆಯ ಕೊಳವೆಯೊಳಗೆ ಬಾಯಿಯಿಂದ ಕನ್ನಡಿಯತ್ತ ಇಳಿಯುವ ಅಡ್ಡಬೆಳಕು ಬಹುಪಾಲು ಹೀಗೆ ಸವರಿಕೊಂಡೇ ಇಳಿಯುವುದು. ಬಣ್ಣ ಎಷ್ಟು ಕಪ್ಪು ಎನ್ನುವುದಕ್ಕಿಂತ ಮೈ ಎಷ್ಟು ಒರಟು ಎನ್ನುವುದು ಇಲ್ಲಿ ಮುಖ್ಯ. ಇನ್ನೂ ಮುಖ್ಯವಾದದ್ದು, ಆ ಸವರುವ ದಾರಿಯನ್ನೇ ಕತ್ತರಿಸುವುದು.

ಒರಟು ಮಾಡುವುದು ಸುಲಭವೆಂದು ಅಲ್ಲಿಂದ ಶುರು ಮಾಡಿದೆ. ಬೇರೆ ದೇಶಗಳ ಹವ್ಯಾಸಿಗಳು ಹೇಳುವ ಉಪಾಯ ಗರಗಸದ ಹೊಟ್ಟು: ಪೈಪಿನ ಒಳಮೈಗೆ ಅಂಟು ಬಳಿದು, ಜರಡಿ ಹಿಡಿದ ಮರದ ಹೊಟ್ಟನ್ನು ಎರಚಿ, ಒಣಗಿದ ಮೇಲೆ ಮಂಕು ಕಪ್ಪು ಬಣ್ಣ ಹೊಡೆಯುವುದು. ಸಾಮಿಲ್ಲಿನಿಂದ ಸಿಲ್ವರ್ ಓಕ್ ಹೊಟ್ಟು ತಂದೆ. ಬಣ್ಣಕ್ಕೆ ಶಾಲೆಯ ಕರಿಹಲಗೆಯ ಪೇಂಟು. ಹೊಳಪಿಲ್ಲದ ಕಪ್ಪು ನಮ್ಮ ಊರುಗಳಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದೆಂದರೆ ಅದೊಂದೇ. ಒಂದು ಬೇಸಿಗೆ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಜೂನ್ ಬಂತು. ಮಲೆನಾಡಿನ ಮಳೆಗಾಲ ಚರ್ಮದ ಚಪ್ಪಲಿಗೆ, ಪುಸ್ತಕದ ಬೆನ್ನಿಗೆ, ದೇವರ ಪಟದ ಹಿಂದಿನ ರಟ್ಟಿಗೆ ಏನು ಮಾಡುತ್ತದೋ ಮರದ ಹೊಟ್ಟಿಗೂ ಅದನ್ನೇ ಮಾಡಿತು. ಅಕ್ಟೋಬರಿನಲ್ಲಿ ಮುಚ್ಚಳ ತೆಗೆದರೆ ಕೊಳವೆಯ ಒಳಗೆಲ್ಲ ಬಿಳಿ ಬೂಷ್ಟು. ಸಕಲೇಶಪುರದ ಬಟ್ಟೆ ಅಂಗಡಿಯಿಂದ ಕಪ್ಪು ಮಖಮಲ್ಲು ತಂದು ಅಂಟಿಸಿದೆ. ಕಪ್ಪೆಂದರೆ ನಿಜವಾದ ಕಪ್ಪು ಅದು. ಎಳೆಎಳೆಯೂ ನಿಂತುಕೊಂಡಿರುವುದರಿಂದ ಸವರುವ ಬೆಳಕು ಅದರೊಳಗೆ ಹೊಕ್ಕು ಸಾಯುತ್ತದೆ. ಆದರೆ ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತಿತ್ತು, ಅದರ ಜುಂಗು ಉದುರಿ ಕನ್ನಡಿಯ ಮೇಲೆ ಕೂರುತ್ತಿತ್ತು, ತೇವದಲ್ಲಿ ಕನ್ನಡಿಯ ಲೇಪಕ್ಕೂ ಆಯುಷ್ಯ ಕಡಿಮೆ. ಒಣ ಊರುಗಳ ಉಪಾಯ ನಮಗೆ ಹೊಂದುವುದಿಲ್ಲ. ಚಿತ್ರದುರ್ಗದ ಕಡೆಯವರು ಧೈರ್ಯವಾಗಿ ಹೊಟ್ಟು, ಮಖಮಲ್ಲು ಎರಡನ್ನೂ ಬಳಸಬಹುದು. ನಾನು ಹೊಳೆಮರಳನ್ನು ನುಣ್ಣಗೆ ಜರಡಿ ಹಿಡಿದು, ತೊಳೆದು ಒಣಗಿಸಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಮೇಲೆ ಕರಿಹಲಗೆಯ ಬಣ್ಣ ಎರಡು ಕೈ ಹೊಡೆದೆ. ಮರಳಿಗೆ ಬೂಷ್ಟು ಹಿಡಿಯುವುದಿಲ್ಲ. ಒಂದೊಂದು ಕಣವೂ ಪೂರ್ತಿ ಬಣ್ಣ ಕುಡಿಯಬೇಕು, ಇಲ್ಲದಿದ್ದರೆ ಅದರಲ್ಲಿರುವ ಅಭ್ರಕದ ಚೂರುಗಳು ಮಿಣುಕುತ್ತವೆ. ಇಡೀ ಕೊಳವೆಗೆ ಮರಳು ಹಾಕಿದರೆ ತೂಕ ತಡೆಯದು. ಫೋಕಸರ್‌ನ ಎದುರುಗೋಡೆಗೆ ಮತ್ತು ಕನ್ನಡಿಗೆ ಹತ್ತಿರದ ಒಂದು ಅಡಿಗೆ ಮಾತ್ರ ಹಾಕಿದೆ. ಈಗಲೂ ಇದೆ.

ಉಳಿದ ಉದ್ದಕ್ಕೆ ಬಳೆಗಳು. ಇಂಗ್ಲಿಷಿನವರು ಬ್ಯಾಫಲ್ ಎನ್ನುವ ಈ ಬಳೆಗಳ ಬಗ್ಗೆ ನನಗೆ ವಿಶೇಷ ಪ್ರೀತಿ, ಯಾಕೆಂದರೆ ಇವು ಬೆಳಕಿನ ಜೊತೆ ಗುದ್ದಾಡುವುದಿಲ್ಲ, ಲೆಕ್ಕ ಹಾಕಿ ದಾರಿ ಕಟ್ಟುತ್ತವೆ. ತೆಳು ಹಾಳೆಯಿಂದ ಕತ್ತರಿಸಿದ ವೃತ್ತಾಕಾರದ ಅಂಚುಗಳನ್ನು ಕೊಳವೆಯ ಒಳಗೆ ಅಲ್ಲಲ್ಲಿ ಕೂರಿಸುವುದು. ಗೋಡೆಯನ್ನು ಸವರಿಕೊಂಡು ಬರುವ ಬೆಳಕು ಬಳೆಯ ಮುಖಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಬಡಿಯುತ್ತದೆ. ನೆಟ್ಟಗೆ ಬಡಿದ ಬೆಳಕನ್ನು ಕಪ್ಪು ಬಣ್ಣ ನುಂಗಬಲ್ಲದು. ಬಳೆಯ ಒಳ ಅಂಚು ಮಾತ್ರ ಬರಬೇಕಾದ ಬೆಳಕಿನ ದಾರಿಗೆ ಅಡ್ಡ ಬರಬಾರದು. ನನಗೆ ಬೇಕಿದ್ದ ದೃಷ್ಟಿಕ್ಷೇತ್ರ ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ಆಕಾಶದ ಆ ಅಂಚಿನಿಂದ ಬರುವ ಕಿರಣಗಳೂ ಕನ್ನಡಿಯ ಪೂರ್ತಿ ಅಗಲವನ್ನು ತಲುಪಬೇಕಾದರೆ, ಕನ್ನಡಿಯಿಂದ ಮೇಲೆ ಹೋದ ಹಾಗೆ ದಾರಿ ಅಗಲವಾಗುತ್ತ ಹೋಗಬೇಕು: ಪ್ರತಿ 100 ಮಿಲಿಮೀಟರಿಗೆ 1.75 ಮಿಲಿಮೀಟರಿನಂತೆ. ಕನ್ನಡಿ 152 ಮಿಲಿಮೀಟರ್. ಹಾಗಾಗಿ ಅರ್ಧ ಎತ್ತರದಲ್ಲಿ, 600 ಮಿಲಿಮೀಟರಿನಲ್ಲಿ, ಬಳೆಯ ಒಳ ಅಗಲ 162 ಅಥವಾ 163. ಬಾಯಿಯ ಹತ್ತಿರ, 1,200ರಲ್ಲಿ, 173. ಪೈಪಿನ ಒಳ ಅಗಲ 190ರ ಆಸುಪಾಸು ಇದ್ದದ್ದರಿಂದ ಬಳೆಗೆ ಜಾಗವಿತ್ತು. ಕನ್ನಡಿಗೂ ಪೈಪಿಗೂ ನಡುವೆ ಬೆರಳು ತೂರದಷ್ಟು ಬಿಗಿಯಾದ ಕೊಳವೆ ಮಾಡಿಕೊಂಡವರಿಗೆ ಈ ಸೌಕರ್ಯವಿಲ್ಲ. ಕೊಳವೆಯನ್ನು ಕನ್ನಡಿಗಿಂತ ಒಂದೂವರೆ ಅಂಗುಲವಾದರೂ ಅಗಲ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಎಲ್ಲೆಲ್ಲಿ ಕೂರಿಸಬೇಕು ಎನ್ನುವುದಕ್ಕೆ ಕೊಳವೆಯ ಅರ್ಧ ಅಳತೆಯ ಚಿತ್ರವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಕನ್ನಡಿಯ ಪಕ್ಕದಲ್ಲಿ ಕಣ್ಣಿಟ್ಟವನಿಗೆ ಗೋಡೆಯ ಯಾವ ತುಣುಕೂ ಕಾಣಬಾರದು, ಬರೀ ಬಳೆಯ ನೆರಳು ಬದಿ ಕಾಣಬೇಕು. ಒಂದು ಬಳೆ ಮರೆಮಾಡಿದ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಮುಂದಿನ ಬಳೆ. ಸ್ಕೇಲು ಇಟ್ಟು ಗೆರೆ ಎಳೆಯುತ್ತ ಹೋದರೆ ಜಾಗ ತಾನಾಗಿ ಸಿಗುತ್ತದೆ. ಬಳೆಗಳು ಕನ್ನಡಿಯ ಕಡೆ ಒತ್ತೊತ್ತಾಗಿ, ಬಾಯಿಯ ಕಡೆ ದೂರದೂರ ಬರುತ್ತವೆ. ಅಂಚು ತೆಳ್ಳಗಿರಬೇಕು, ದಪ್ಪ ಅಂಚೇ ಇನ್ನೊಂದು ಹೊಳೆಯುವ ಗೋಡೆಯಾದೀತು. ಹಾಗೆಂದು ಬಳೆ ಮೈಗೆ ಪೂರ್ತಿ ಅಂಟಿಕೊಂಡಿರಬೇಕಿಲ್ಲ. ಗೋಡೆಯ ಬದಿ ಅಲ್ಲಲ್ಲಿ ಸಣ್ಣ ಸಂದಿ ಬಿಟ್ಟರೆ ಸಂಜೆ ಕನ್ನಡಿಯ ಬಿಸಿ ಗಾಳಿ ಮೇಲೆದ್ದು ಹೋಗಲು ದಾರಿಯಾಗುತ್ತದೆ. ಇಲ್ಲವಾದರೆ ಆ ಗಾಳಿ ಬಳೆಗಳಿಗೆ ತಡೆದು ಬೆಳಕಿನ ದಾರಿಯಲ್ಲೇ ಸುಳಿಯುತ್ತದೆ.

ಇದೇ ಹೊತ್ತಿಗೆ ಒಮ್ಮೆ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿಗೆ ಹೋಗಿದ್ದೆ. ಭಾರತೀಯ ಖಭೌತ ಸಂಸ್ಥೆಯ ವೈನು ಬಪ್ಪು ವೀಕ್ಷಣಾಲಯ ಇರುವುದು ಅಲ್ಲಿ. 2.34 ಮೀಟರಿನ ದೊಡ್ಡ ಕನ್ನಡಿಯನ್ನು ಉಜ್ಜಿದ್ದು ಬೆಂಗಳೂರಿನಲ್ಲಿ, ಎ.ಪಿ. ಜಯರಾಜನ್ ಅವರ ಉಸ್ತುವಾರಿಯಲ್ಲಿ. ಆ ದೂರದರ್ಶಕ 1986ರ ಜನವರಿಯಲ್ಲಿ, ಹ್ಯಾಲಿ ಬಂದ ವರ್ಷವೇ, ಲೋಕಾರ್ಪಣೆಯಾಯಿತು. ಅದರ ಕನಸು ಕಂಡ ಬಪ್ಪು ಅವರು 1982ರಲ್ಲೇ ತೀರಿಕೊಂಡಿದ್ದರು. ಎಲ್ಲರೂ ಕನ್ನಡಿಯ ಗಾತ್ರ ಕೇಳುತ್ತಿದ್ದಾಗ ನನ್ನ ಮನಸ್ಸು ಹೋದದ್ದು ಕಪ್ಪಿನ ಕಡೆಗೆ. ಕ್ಯಾಸಿಗ್ರೇನ್ ಮಾದರಿಯ ದೂರದರ್ಶಕಗಳಲ್ಲಿ ಬೆಳಕು ಎರಡನೆಯ ಕನ್ನಡಿಯಿಂದ ಹಿಂತಿರುಗಿ ದೊಡ್ಡ ಕನ್ನಡಿಯ ನಡುವಿನ ತೂತಿನ ಮೂಲಕ ಕೆಳಗಿಳಿಯುತ್ತದೆ. ಆ ತೂತು ನೇರವಾಗಿ ಆಕಾಶಕ್ಕೆ ತೆರೆದ ಕಿಟಕಿಯೂ ಹೌದು. ಅದಕ್ಕೇ ತೂತಿನಿಂದ ಮೇಲಕ್ಕೆ ಕಪ್ಪು ಕೊಳವೆಯೊಂದನ್ನು ನಿಲ್ಲಿಸಿ, ಎರಡನೆಯ ಕನ್ನಡಿಗೂ ಸುತ್ತ ಮರೆ ಕಟ್ಟುತ್ತಾರೆ. ನಮ್ಮ ನ್ಯೂಟನ್ ಮಾದರಿಯಲ್ಲಿ ಐಪೀಸು ಪಕ್ಕಕ್ಕಿರುವುದರಿಂದ ಅಷ್ಟು ದೊಡ್ಡ ಅಪಾಯವಿಲ್ಲ. ಉಪಾಯ ಮಾತ್ರ ಒಂದೇ. ಬೇಡದ ಬೆಳಕು ಬರುವ ನೇರ ದಾರಿ ಯಾವುದೆಂದು ಮೊದಲು ನೋಡು, ಅದಕ್ಕೆ ಅಡ್ಡ ನಿಲ್ಲು. ಊರಿಗೆ ಬಂದವನೇ ಕೊಳವೆಯ ಬಾಯಿಗೆ ಹತ್ತು ಅಂಗುಲ ಉದ್ದದ ಇನ್ನೊಂದು ತುಂಡು ಸಿಕ್ಕಿಸಿದೆ. ಫೋಕಸರ್‌ನ ಎದುರುಗೋಡೆಗೆ ದೀಪದ ಬೆಳಕು ಬೀಳದಂತೆ ಅದು ತಡೆಯಿತು, ಓರೆಗನ್ನಡಿಗೆ ಇಬ್ಬನಿ ಕೂರುವುದನ್ನೂ ತಡಮಾಡಿತು. ನಮ್ಮಲ್ಲಿ ಜನವರಿಯ ರಾತ್ರಿ ಹತ್ತಕ್ಕೆಲ್ಲ ಇಬ್ಬನಿ ತೊಟ್ಟಿಕ್ಕುವುದರಿಂದ ಆ ಎರಡನೆಯ ಲಾಭವೇ ದೊಡ್ಡದು.

ಸಣ್ಣಪುಟ್ಟವು ಬೇಗ ಮುಗಿದವು. ಕೆಳಬಾಯಿಗೆ ಕಪ್ಪು ಹಲಗೆಯ ಮುಚ್ಚಳ, ಗಾಳಿಗೆ ಬದಿಯಲ್ಲಿ ಸಂದಿ. ಓರೆಗನ್ನಡಿಯ ಗಾಜಿನ ಅಂಚಿಗೆ ಕಪ್ಪು. ಹರಳೆಣ್ಣೆ ದೀಪದ ಮಸಿ ಬಹಳ ಕಪ್ಪು ಎಂದು ಯಾರೋ ಹೇಳಿದರು. ಒಣ ಮಸಿ ನಿಜಕ್ಕೂ ತೀರ ಕಪ್ಪು, ಆದರೆ ಬೆರಳು ತಾಗಿದರೆ ಅಳಿಸುತ್ತದೆ, ಎಣ್ಣೆ ಸೇರಿಸಿ ಕಾಡಿಗೆ ಮಾಡಿದರೆ ಹೊಳೆಯುತ್ತದೆ. ಮತ್ತೆ ಕರಿಹಲಗೆಯ ಬಣ್ಣವೇ ಗತಿ. ಫೋಕಸರ್‌ನ ಒಳಕೊಳವೆಗೆ ಲೇತಿನಲ್ಲಿ ತಿರುಪಿನ ಎಳೆ ಕೊರೆಸಿದೆ. ಎಳೆಯ ಒಂದೊಂದು ಏಣೂ ಸಣ್ಣ ಬಳೆಯಾಗಿ ಕೆಲಸ ಮಾಡುತ್ತದೆ. ಚಂದ್ರನ ಪಕ್ಕದ ಆ ಬಿಲ್ಲು ಅಳಿದದ್ದು ಅದರಿಂದ. ಹಳೆಯ ಬೈನಾಕ್ಯುಲರಿನಿಂದ ಕಿತ್ತ ನನ್ನ ಐಪೀಸಿನದು ಬೇರೆ ಸಮಸ್ಯೆ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅದು ಗಾಜುಗಳ ನಡುವೆ ಓಡಾಡಿ ಗುರುವಿನ ಪಕ್ಕದಲ್ಲಿ ಮಸುಕಾದ ಇನ್ನೊಂದು ಗುರುವನ್ನು ತೋರಿಸುತ್ತದೆ. ಮೆಗ್ನೀಸಿಯಂ ಫ್ಲೋರೈಡ್ ಲೇಪವಿರುವ ಐಪೀಸು ಕೊಂಡ ಮೇಲೆ ಅದು ಹೋಯಿತು. ಮನೆಯಲ್ಲಿ ಮಾಡಿಕೊಳ್ಳಲಾಗದ ಕೆಲವು ವಸ್ತುಗಳಿವೆ, ಅವಕ್ಕೆ ದುಡ್ಡು ಕೊಡಬೇಕು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆಯಿದೆ. 25 ಮಿಲಿಮೀಟರಿನ ಐಪೀಸು ಹಾಕಿ, ಹಗಲು ಆಕಾಶಕ್ಕೆ ತಿರುಗಿಸಿ, ಕಣ್ಣನ್ನು ಒಂದು ಅಡಿ ಹಿಂದಕ್ಕೆ ಒಯ್ದರೆ ಐಪೀಸಿನ ಮೇಲೆ ತೇಲುವ ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ದೊಡ್ಡ ಕನ್ನಡಿ ಕೂಡಿಸಿದ ಅಷ್ಟೂ ಬೆಳಕು ಆ ಬಿಲ್ಲೆಯ ಮೂಲಕವೇ ಕಣ್ಣಿಗೆ ಹೋಗುವುದು. ನನ್ನದರಲ್ಲಿ ಅದು ಮೂರು ಮಿಲಿಮೀಟರ್ ಅಗಲ. ಗಡಿಯಾರ ರಿಪೇರಿಯವರ ಭೂತಗನ್ನಡಿ ಹಿಡಿದು ಅದರ ಸುತ್ತ ನೋಡಬೇಕು. ಬಿಲ್ಲೆಯ ಹೊರಗೆ ಎಲ್ಲಿ ಹೊಳಪು ಕಂಡರೂ ಅದು ಅಡ್ಡಬೆಳಕು, ಎಲ್ಲಿಂದ ಬಂತೆಂದೂ ಅದರ ಆಕಾರ ಹೇಳುತ್ತದೆ. ಮೊದಲು ನನ್ನ ಬಿಲ್ಲೆಯ ಸುತ್ತ ಬೂದು ಉಂಗುರಗಳಿದ್ದವು. ಬಳೆ ಕೂರಿಸಿದ ಮೇಲೆ ಅವು ಒಂದೊಂದಾಗಿ ಆರಿ, ಕಪ್ಪಿನ ನಡುವೆ ಬಿಲ್ಲೆಯೊಂದೇ ಉಳಿಯಿತು. ಅಂದು ಪಟ್ಟ ಸಂತೋಷ ಕನ್ನಡಿಗೆ ಲೇಪ ಹಾಕಿಸಿಕೊಂಡು ಬಂದ ದಿನದ್ದಕ್ಕಿಂತ ಹೆಚ್ಚಿನದು.

ಬಳೆಗಳಿಂದ ಆಗದ್ದೂ ಇದೆ ಎಂದು ಹೇಳಬೇಕು. ಕನ್ನಡಿಯ ಮೇಲಿನ ಧೂಳು, ಮಂಜಿನ ಪೊರೆ, ಗಾಳಿಯಲ್ಲಿನ ತೇವ ಚದುರಿಸುವ ಬೆಳಕು ಬರಬೇಕಾದ ದಾರಿಯಲ್ಲೇ ಬರುತ್ತದೆ. ಅದಕ್ಕೆ ಕನ್ನಡಿ ತೊಳೆಯಬೇಕು, ಇಲ್ಲವೇ ಒಳ್ಳೆಯ ರಾತ್ರಿಗೆ ಕಾಯಬೇಕು. ಕಣ್ಣಿಗೆ ಪಕ್ಕದಿಂದ ಬೀಳುವ ದೀಪಕ್ಕೂ ಕೊಳವೆ ಏನೂ ಮಾಡಲಾರದು. ಕತ್ತಲೆಗೆ ಕಣ್ಣು ಪೂರ್ತಿ ಪಳಗಲು ಅರ್ಧ ಗಂಟೆಯಾದರೂ ಬೇಕು, ಒಂದು ಮಿಂಚು ಸಾಕು ಅದು ಹಾಳಾಗಲು. ಇದಕ್ಕೆ ಮಳೆಗಾಲದಲ್ಲಿ ಗದ್ದೆಗೆ ಹೊದೆಯುತ್ತಿದ್ದ ಅಪ್ಪನ ಕರಿಕಂಬಳಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ತಲೆಯನ್ನೂ ಫೋಕಸರನ್ನೂ ಸೇರಿಸಿ ಹೊದ್ದುಕೊಂಡರೆ ಪಕ್ಕದ ಮನೆಯ ದೀಪ ಇದೆಯೆಂಬುದೇ ಮರೆತುಹೋಗುತ್ತದೆ. ಉಸಿರು ಐಪೀಸಿಗೆ ತಾಗದಂತೆ ಮೂಗನ್ನು ಮಾತ್ರ ಕಂಬಳಿಯಿಂದ ಹೊರಗಿಡಬೇಕು.

ಎಲ್ಲ ಸೇರಿದ ಮೇಲೆ ನೋಡಿದ್ದು ತ್ರಿಕೋಣಿ ಪುಂಜದ ಎಂ33 ಗೆಲಾಕ್ಸಿಯನ್ನು. ಕೊಳವೆಯೊಳಗಿನ ಕತ್ತಲೆಗೆ ಅದಕ್ಕಿಂತ ಕಠಿಣ ಪರೀಕ್ಷಕ ಇಲ್ಲ. ಅದರ ಒಟ್ಟು ಬೆಳಕು ಕಡಿಮೆಯೇನಲ್ಲ, ಆದರೆ ಆ ಬೆಳಕು ಹುಣ್ಣಿಮೆ ಚಂದ್ರನಿಗಿಂತ ಅಗಲವಾಗಿ ಹರಡಿಕೊಂಡಿರುವುದರಿಂದ ಹಿನ್ನೆಲೆ ಚೂರು ಬೂದಾದರೂ ಅದರಲ್ಲಿ ಕಲಸಿಹೋಗುತ್ತದೆ. ದೀಪಗಳು ಬಂದ ಮೇಲೆ ನನ್ನ ಕೊಳವೆಯಲ್ಲಿ ಅದು ಕಂಡೇ ಇರಲಿಲ್ಲ. ನವೆಂಬರ್ ಕೊನೆಯ ಒಂದು ರಾತ್ರಿ, ನೆತ್ತಿಯಿಂದ ಸ್ವಲ್ಪ ಬಡಗಣಕ್ಕೆ, ಕಂಬಳಿಯೊಳಗಿಂದ ನೋಡುತ್ತ ಕೊಳವೆಯನ್ನು ಮೆಲ್ಲನೆ ತಟ್ಟಿದೆ. ಅಲುಗಿದಾಗ ಮಸುಕು ವಸ್ತು ಕಣ್ಣಿಗೆ ಬೇಗ ಬೀಳುತ್ತದೆ. ಅಲ್ಲಿತ್ತು; ಅಂಡಾಕಾರದ ಮಂದ ಬೆಳಕು, ನಡುವೆ ತುಸು ದಟ್ಟ. ಬಹಳ ಹೊತ್ತು ನೋಡಿದ ಮೇಲೆ ಒಂದು ಬದಿಗೆ ಪ್ರತ್ಯೇಕವಾದ ಸಣ್ಣ ಚುಕ್ಕೆಯೂ ಕಂಡಿತು. ಅದು ಆ ಗೆಲಾಕ್ಸಿಯೊಳಗಿನ ನೀಹಾರಿಕೆ, ಎನ್‌ಜಿಸಿ 604. ಸುಮಾರು 27 ಲಕ್ಷ ವರ್ಷ ಪಯಣಿಸಿ ಬಂದ ಬೆಳಕು ಕೊನೆಯ ನಾಲ್ಕು ಅಡಿಯಲ್ಲಿ, ನನ್ನ ಪೈಪಿನ ಗೋಡೆಯ ಹೊಳಪಿನಲ್ಲಿ, ಇಷ್ಟು ಕಾಲ ಕಳೆದುಹೋಗುತ್ತಿತ್ತು ಎಂಬುದು ನನಗೆ ಇವತ್ತಿಗೂ ತಡೆಯಲಾಗದ ಮಾತು.

ಪಕ್ಕದ ಮನೆಯ ದೀಪದ ವಿಷಯ ಉಳಿಯಿತು. ಆರಿಸಿ ಎಂದು ಕೇಳುವ ಮನಸ್ಸು ನನಗಿರಲಿಲ್ಲ. ಬಳೆಗಳ ಲೆಕ್ಕ ತಲೆಯಲ್ಲಿ ಓಡುತ್ತಿದ್ದಾಗ ಒಂದು ಸಂಜೆ ಅವರ ಅಂಗಳದಲ್ಲಿ ನಿಂತು ತೋಟದ ಕಡೆ ನೋಡಿದೆ. ಬಲ್ಬು ನೇರ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಬೇಲಿಯ ಆಚೆ ಏನೂ ಕಾಣುತ್ತಿರಲಿಲ್ಲ. ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಅವರಿಗೂ ಇದು ಗೊತ್ತಿತ್ತು, ಕೈಯಿಂದ ಬಲ್ಬು ಮರೆಮಾಡಿಕೊಂಡು ನೋಡುವುದು ಅವರ ರೂಢಿಯಾಗಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಲ್ಬಿಗೆ ಟೊಪ್ಪಿಗೆ ಮಾಡಿ ಕೊಟ್ಟೆ: ಒಳಗೆ ಬಿಳಿ ಬಣ್ಣ, ಬಲ್ಬು ಬದಿಯಿಂದ ಕಾಣದಷ್ಟು ಕೆಳಗಿಳಿದ ಅಂಚು. ಬೆಳಕೆಲ್ಲ ಅಂಗಳಕ್ಕೂ ಬೇಲಿಗೂ ಬಿತ್ತು, ಅಂಗಳ ಮೊದಲಿಗಿಂತ ಬೆಳ್ಳಗಾಯಿತು, ಬೇಲಿಯ ಆಚೆಯ ಕಾಫಿ ಸಾಲೂ ಕಣ್ಣಿಗೆ ಬರತೊಡಗಿತು. ಲಡಾಖಿನ ಹಾನ್ಲೆಯಲ್ಲಿ ನಮ್ಮ ಹೊಸಕೋಟೆಯಿಂದ ನಡೆಸುವ ಹಿಮಾಲಯ ಚಂದ್ರ ದೂರದರ್ಶಕವಿದೆ. ಅಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾದ ಮೇಲೆ ಹಳ್ಳಿಯವರು ದೀಪಗಳಿಗೆ ಇಂಥದ್ದೇ ಮರೆ ಕಟ್ಟಿಕೊಂಡಿದ್ದಾರೆಂದು ಓದಿ ಖುಷಿಯಾಯಿತು. ನಮ್ಮ ಕಡೆ ಯಾವ ಘೋಷಣೆಯೂ ಇಲ್ಲ. ಆದರೂ ಲೈನ್ ಮನೆಯವರು ಬಂದು ತಮಗೂ ಅಂಥ ಟೊಪ್ಪಿಗೆ ಬೇಕೆಂದು ಕೇಳಿದರು, ನಕ್ಷತ್ರಕ್ಕಲ್ಲ, ಆನೆ ಕಾಣಲೆಂದು. ಡಬ್ಬ ತಂದುಕೊಟ್ಟರೆ ಮಾಡಿಕೊಡುತ್ತೇನೆ ಎಂದೆ. ತಂದರು, ಮಾಡಿಕೊಟ್ಟೆ.

ಈಗ ಆಲೂರಿನಲ್ಲಿ ಹೈಸ್ಕೂಲು ಓದುವ ನನ್ನ ನೆಂಟರ ಹುಡುಗಿಯೊಬ್ಬಳು ಐದು ಅಂಗುಲದ ಕನ್ನಡಿ ತರಿಸಿಕೊಂಡು ದೂರದರ್ಶಕ ಕಟ್ಟುತ್ತಿದ್ದಾಳೆ. ಕನ್ನಡಿ 130 ಮಿಲಿಮೀಟರ್, ನಾಭಿದೂರ 650. ಬಣ್ಣ ಯಾವುದು ಹೊಡೆಯಲಿ ಎಂದು ಫೋನಿನಲ್ಲಿ ಕೇಳಿದಳು. ಬಣ್ಣ ಆಮೇಲೆ, ಮೊದಲು 170ಕ್ಕೆ ಕಡಿಮೆ ಇಲ್ಲದ ಕೊಳವೆ ಹುಡುಕು ಎಂದೆ. ಬಾಯಿಯ ಬಳೆಗೆ ಒಳ ಅಗಲ 141 ಇಟ್ಟುಕೋ, ಕೆಳಬಾಯಿ ಮುಚ್ಚು, ಐಪೀಸು ಹಾಕುವ ಮೊದಲು ಹಗಲಿನಲ್ಲಿ ಬರಿ ತೂತಿಗೆ ಕಣ್ಣಿಟ್ಟು ಏನೇನು ಹೊಳೆಯುತ್ತದೆಂದು ಚಿತ್ರ ಬರೆದು ಕಳಿಸು. ಚಿತ್ರ ಬಂದಿದೆ. ಫೋಕಸರ್‌ನ ಎದುರುಗೋಡೆಯಲ್ಲಿ ಅವಳು ಒಂದು ಬೂದು ಪಟ್ಟಿ ಗುರುತಿಸಿದ್ದಾಳೆ. ಭಾನುವಾರ ಜರಡಿ ಹಿಡಿದ ಮರಳು ತೆಗೆದುಕೊಂಡು ಹೋಗಬೇಕು.